ಮೂರು ಬೆರಳಿನ ಗಾಡಿ

ಮೊದಲ ಗುಂಡು ಚಾಲಕನ ಬಾಗಿಲನ್ನು ತೂರಿಕೊಂಡು ಬಂದು ದರ್ದೀರನ ತೊಡೆಯ ಕೆಳಗಿನ ಸೀಟಿನಲ್ಲಿ ಹೂತುಹೋಯಿತು. ಎರಡನೆಯದು ನಡುವಿನ ಸಾಲಿನಲ್ಲಿ ಕೂತಿದ್ದ ಗಾರೆ ಕೆಲಸದ ಅತಿಯ್ಯಾನ ಹೆಗಲನ್ನು ಹರಿದು, ಹಿಂದಿನ ಸಾಲಿನ ಮುದುಕಿಯೊಬ್ಬಳ ಮಡಿಲಲ್ಲಿದ್ದ ಬಾತುಕೋಳಿಯನ್ನು ಕೊಂದಿತು. ಕಿಟಕಿಯ ಗಾಜು ಪುಡಿಪುಡಿಯಾಗಿ ಎಲ್ಲರ ತಲೆಯ ಮೇಲೆ ಸುರಿಯಿತು. ದರ್ದೀರ್ ಬ್ರೇಕ್ ತುಳಿಯಲಿಲ್ಲ. ತಲೆಯನ್ನು ಸ್ಟಿಯರಿಂಗಿನ ಮಟ್ಟಕ್ಕೆ ತಗ್ಗಿಸಿ, ಕಬ್ಬಿನ ಗದ್ದೆಗಳ ನಡುವಿನ ಆ ಕಿರಿದಾದ ರಸ್ತೆಯಲ್ಲಿ ತನ್ನ ಹಳೆಯ ಪೆಜೋ ಗಾಡಿಯನ್ನು ಹುಚ್ಚನ ಹಾಗೆ ಓಡಿಸಿ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದ. ಅತಿಯ್ಯಾನ ರಕ್ತ ಸೀಟಿನಿಂದ ಇಳಿದು ಎಲ್ಲರ ಚಪ್ಪಲಿಗೂ ಹತ್ತಿತ್ತು. ಮುದುಕಿ ಇಳಿದವಳೇ ಸತ್ತ ಕೋಳಿಯನ್ನು ದರ್ದೀರನ ಮುಖದ ಮುಂದೆ ಹಿಡಿದು ಕೇಳಿದಳು: "ಜಗಳ ನಿಮ್ದು, ಕೋಳಿ ನಂದ್ಯಾಕೋ ಸಾಯಬೇಕು?"

ಹೊಡೆದವರು ಯಾರು ಎಂದು ಪೊಲೀಸರು ಕೇಳಿದರು. ಯಾರೂ ನೋಡಿರಲಿಲ್ಲ. ಕಿನಾ ಸೀಮೆಯಲ್ಲಿ ಯಾರಿಗೂ ಯಾವತ್ತೂ ಏನೂ ಕಾಣುವುದಿಲ್ಲ. ನೈಲ್ ನದಿಯ ಎರಡೂ ದಂಡೆಯ ಜನ ಹುಟ್ಟುಕುರುಡರು. ಹೊಡೆದವರು ಯಾರೆಂದು ಆ ಸತ್ತ ಕೋಳಿಗೂ ಗೊತ್ತಿತ್ತು.

ಹೊಡೆದವನು ಜಾದ್ ಮನೆತನದ ಖಲಫ್. ಎಂಟು ತಿಂಗಳ ಹಿಂದೆ ದರ್ದೀರನ ಚಿಕ್ಕಪ್ಪನ ಮಗ ಬಖೀತ್, ಬಾಡಿಗೆ ಗಾಡಿಗಳ ನಿಲ್ದಾಣದಲ್ಲಿ, ಸರದಿ ನನ್ನದೋ ನಿನ್ನದೋ ಎಂಬ ಹಾಳು ಮಾತಿಗೆ, ಖಲಫನ ಅಣ್ಣ ಶಿಹಾತಾನ ತಲೆಗೆ ಜಾಕಿಯ ರಾಡಿನಿಂದ ಹೊಡೆದ. ಒಂದು ಏಟಿಗೇ ತಲೆಬುರುಡೆ ತೆರೆಯಿತು. ಶಿಹಾತಾ ತನ್ನದೇ ಗಾಡಿಯ ಚಕ್ರಕ್ಕೆ ಒರಗಿ ಕೂತು, ಏನನ್ನೋ ಹುಡುಕುವವನ ಹಾಗೆ ನೆಲ ತಡವಿ ತಡವಿ ಸತ್ತ. ಬಖೀತ್ ಜೈಲಿಗೆ ಹೋದ. ಅಷ್ಟಕ್ಕೆ ಮುಗಿಯುವುದಾದರೆ ಇದು ಕಿನಾ ಸೀಮೆಯೇ ಅಲ್ಲ. ಶಿಹಾತಾ ಜಾದ್ ಮನೆತನದ ಹೆಮ್ಮೆಯ ಗಂಡಸು, ಬಖೀತ್ ಮೂರು ಕಾಸಿಗೆ ಬೇಡದವನು. ನಮ್ಮ ಎತ್ತಿಗೆ ನಿಮ್ಮ ಮೇಕೆ ಸಮವಲ್ಲ ಎಂದರು ಜಾದ್ ಮಂದಿ. ಅವರಿಗೆ ಎತ್ತಿಗೆ ಎತ್ತೇ ಬೇಕು. ದರ್ದೀರನ ಮನೆತನದಲ್ಲಿ ಎತ್ತು ಎಂದರೆ ದರ್ದೀರ್ ಒಬ್ಬನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಮೇಕೆಗೆ ಜ್ವರ ಬಂದು ಎತ್ತಿಗೆ ಬರೆ ಬಿತ್ತು.

ಇಂಥ ಹಗೆಯನ್ನು ಮುಗಿಸಲು ದಾರಿಯೇ ಇಲ್ಲವೆಂದಲ್ಲ, ಒಂದಿದೆ. ತನ್ನ ಹೆಣಕ್ಕೆ ಹೊದಿಸುವ ಕಫನಿನ ಬಿಳಿ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು, ಬರಿಗೈಯಲ್ಲಿ, ನಾಲ್ಕು ಜನರ ಕಣ್ಣೆದುರು ಹಗೆಯವನ ಮುಂದೆ ಹೋಗಿ ನಿಲ್ಲಬೇಕು. ಕೊಂದರೆ ಕೊಲ್ಲು, ಬಿಟ್ಟರೆ ಬಿಡು. ಹಾಗೆ ಬಂದವನನ್ನು ಕೊಂದ ಮನೆಗೆ ಏಳು ತಲೆಮಾರು ಯಾರೂ ಹೆಣ್ಣು ಕೊಡುವುದಿಲ್ಲ. ಹಿರಿಯರು ಬಂದು ಇದನ್ನು ಹೇಳಿದಾಗ ದರ್ದೀರ್ ನೆಲಕ್ಕೆ ಉಗಿದಿದ್ದ. "ಕೊಂದಾವ ಬಖೀತ, ಕಫನ ಹೊರಾವ ನಾನ? ನಾ ಏನ್ ಕತ್ತೆ ಏನು?"

ಮರ್ಯಾದೆಯ ಮನುಷ್ಯ ಅವನು. ಸರ್ಹಾನಿಯಾ ಎಂಬ ಊರಿನ ಕಬ್ಬು ಕಡಿಯುವವನ ಮಗ. ಒಂಬತ್ತನೆಯ ವಯಸ್ಸಿನಲ್ಲಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಸಣ್ಣ ರೈಲು ಓಡುತ್ತಿರುವಾಗಲೇ ಜಲ್ಲೆ ಎಳೆಯಲು ಹೋಗಿ, ಬಲಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ಚಕ್ರಕ್ಕೆ ಕೊಟ್ಟ. ಅಪ್ಪ ಮೊದಲು ಕಪಾಳಕ್ಕೆ ಬಾರಿಸಿ ಆಮೇಲೆ ಬಟ್ಟೆ ಸುತ್ತಿದ. ಅದೇ ಅಪ್ಪ ಸಾಯುವಾಗ ಒಂದು ಮಾತು ಹೇಳಿದ್ದ: "ಕತ್ತೆ ಮಾರಿದ್ರ ಅದರ ಕುಂಟು ಮೊದ್ಲ ಹೇಳು. ಹೇಳದ ಮಾರಿದ ಕುಂಟು ನಿನ್ನ ಕಾಲಿಗೆ ಬರ್ತೈತಿ." ದರ್ದೀರ್ ಲಿಬಿಯಾದಲ್ಲಿ ಆರು ವರ್ಷ ಲಾರಿ ಓಡಿಸಿ, ಮರಳು ತಿಂದು, ಕೂಡಿಟ್ಟ ದುಡ್ಡಿನಲ್ಲಿ ಏಳು ಜನ ಕೂರುವ ಬಿಳಿ ಪೆಜೋ ತಂದ. ಮನೆಯ ಮುಂದೆ ಟಗರು ಕೊಯ್ದ. ಬಿಸಿ ರಕ್ತದಲ್ಲಿ ಬಲಗೈ ಅದ್ದಿ, ಕೆಟ್ಟ ಕಣ್ಣು ಬೀಳದಿರಲೆಂದು ಬಾನೆಟ್ಟಿನ ಮೇಲೆ ಒತ್ತಿದ. ಎಲ್ಲರೂ ಒತ್ತುತ್ತಾರೆ. ಆದರೆ ಎಲ್ಲರ ಗಾಡಿಯ ಮೇಲೂ ಐದು ಬೆರಳು, ಇವನ ಗಾಡಿಯ ಮೇಲೆ ಮೂರು.

"ಇದೇನ್ ಕೈಯೋ, ಕೋಳಿ ಕಾಲೋ?" ಎಂದು ನಕ್ಕಿದ್ದ ಗೆಳೆಯ ಬಿಶಾರಾ. ಊರಿನ ಮೆಕ್ಯಾನಿಕ್ ಅವನು, ಕ್ರೈಸ್ತ; ಬಾಯಿ ತೆರೆದರೆ ಕೀಟಲೆ. ನಕ್ಕವನೇ ಆ ಗುರುತು ಅಳಿಯದಿರಲೆಂದು ಅದರ ಮೇಲೆ ವಾರ್ನಿಷ್ ಬಳಿದುಕೊಟ್ಟ. ಪ್ರತಿ ಬಕ್ರೀದಿಗೆ ದರ್ದೀರ್ ಅದೇ ಜಾಗಕ್ಕೆ ಹೊಸ ರಕ್ತ ಒತ್ತುತ್ತಿದ್ದ, ಬಿಶಾರಾ ಮತ್ತೆ ವಾರ್ನಿಷ್ ಹಚ್ಚುತ್ತಿದ್ದ. ಹತ್ತೊಂಬತ್ತು ವರ್ಷಕ್ಕೆ ಅದು ಬೆರಳು ಇಟ್ಟರೆ ತಡೆಯುವಷ್ಟು ದಪ್ಪಗೆ, ಕಪ್ಪು ಕಂದಾಗಿ ಕೂತಿತ್ತು. ಆ ರಸ್ತೆಯಲ್ಲಿ ಬಿಳಿ ಪೆಜೋಗಳು ನಲವತ್ತು ಇದ್ದಾವು. ಮೂರು ಬೆರಳಿನ ಗಾಡಿ ಒಂದೇ. ಹೊಲದಲ್ಲಿ ಬಗ್ಗಿದ ಹೆಂಗಸರೂ ದೂರದಿಂದಲೇ ಗುರುತು ಹಿಡಿದು ಎದ್ದು ಬರುತ್ತಿದ್ದರು. ಈಗ ಖಲಫನೂ ಅದನ್ನೇ ನೋಡಿ ಗುರಿ ಹಿಡಿಯುತ್ತಿದ್ದ.

ಕೋಳಿ ಸತ್ತ ದಿನದಿಂದ ಆ ಗಾಡಿಗೆ ಒಬ್ಬ ಪ್ರಯಾಣಿಕನೂ ಹತ್ತಲಿಲ್ಲ. ಹೆಂಡತಿ ನವ್ವಾರಾ ನಿರ್ಧಾರ ಮಾಡಿಬಿಟ್ಟಳು: ಸುವೇಜಿನ ಬಂದರಿನಲ್ಲಿರುವ ತನ್ನ ತಮ್ಮನ ಹತ್ತಿರ ಹೋಗುವುದು, ಗಾಡಿ ಕೊಟ್ಟು ಅಲ್ಲಿ ಓಡಿಸಲು ಸಣ್ಣ ವ್ಯಾನೊಂದನ್ನು ತೆಗೆದುಕೊಳ್ಳುವುದು. ಹೇಗೆ ಕೊಡುವುದು ಎನ್ನುವುದರ ಮೇಲೆ ಮನೆಯಲ್ಲಿ ಯುದ್ಧ ಶುರುವಾಯಿತು.

"ಹಾಜಿ ಮುತವಲ್ಲಿ ಶೋರೂಮಿಗೆ ಒಯ್ದು ಬಿಡು ಮಹ್ರೂಸನ ಅಪ್ಪಾ," ಎಂದಳು ನವ್ವಾರಾ. "ನಮ್ ಗಾಡಿ ತಗೊಂಡು ಅವನ ವ್ಯಾನ್ ಕೊಡ್ತಾನ. ಒಂದ್ ಮಾತ್ ಕೇಳಂಗಿಲ್ಲ. ಸಂತ್ಯಾಗ ಹೋಗಿ ನಿಂತಿ ಅಂದ್ರ ಜಾದ್ ಮಂದಿಗೆ ನೀನ ಹೋಗಿ ಎದಿ ಕೊಟ್ಟಂಗ."

ಬಿಶಾರಾ ಅವಳು ಮಾಡಿಕೊಟ್ಟ ಚಹಾ ಹೀರುತ್ತ ತಲೆಯಾಡಿಸಿದ. "ಹಾಜಿ ವ್ಯಾನ್ ನಾ ನೋಡೀನಿ ತಂಗಿ. ಅದು ಕೆಮ್ಮೂದ್ ಕೇಳಿದ್ರ ನನ್ನ ಹತ್ರ ಅಲ್ಲ, ಡಾಕ್ಟರ್ ಹತ್ರ ಒಯ್ಯಬೇಕು. ಶುಕ್ರವಾರ ಸಂತ್ಯಾಗ ನಾವ ಮಾರಿದ್ರ ಇದಕ್ಕಿಂತ ಛಲೋ ವ್ಯಾನೂ ಬರ್ತೈತಿ, ಸುವೇಜಿನಾಗ ಒಂದ್ ವರ್ಷದ ಮನಿ ಬಾಡಿಗಿನೂ ಉಳೀತೈತಿ."

"ಗಂಡ ಉಳಿದ್ರ ಬಾಡಿಗಿ ನೋಡೋಣ ಬಿಡು."

ದರ್ದೀರನ ತಲೆಯಲ್ಲಿ ಇದ್ದದ್ದು ಬಾಡಿಗೆಯಲ್ಲ. ಗಾಡಿಯನ್ನು ಯಾರು ಕೊಂಡರೂ ಆ ರಸ್ತೆಯಲ್ಲಿ ಓಡಿಸಿದರೆ ಖಲಫನ ಗುಂಡು ಅವನಿಗೆ ಬೀಳುತ್ತದೆ. ಹಾಗಾಗಿ ಮೊದಲು ಆ ಕೈಗುರುತನ್ನೇ ಕೆತ್ತಿ ಹಾಕೋಣ ಎಂದು ಚೂರಿ ಹಿಡಿದು ಬಾನೆಟ್ಟಿನ ಮುಂದೆ ಕೂತ. ನವ್ವಾರಾ ಓಡಿಬಂದು ಚೂರಿ ಕಿತ್ತುಕೊಂಡಳು, ಕಿತ್ತುಕೊಳ್ಳುವ ಭರದಲ್ಲಿ ಅವಳದೇ ಅಂಗೈ ಕೊಯ್ದಿತು. "ನಿಮ್ಮವ್ವ ಏನಂತಿದ್ಲು ಮರ್ತೇನು? ಒತ್ತಿದಾವ ತನ್ನ ಕೈಲೆ ಅಳಿಸಬಾರ್ದು, ಅಳಿಸಿದ್ರ ಆ ರಕ್ತ ಮಕ್ಕಳ ಮೈಯಿಂದ ಹೋಗ್ತೈತಿ. ತಗೊಂಡಾವ ಅಳಿಸಲಿ." ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ ಅವಳು ಚೂರಿ ಬಿಡಲಿಲ್ಲ. ಅವನೂ ಅವ್ವನ ಮಾತಿಗೆ ಹೆದರುವ ಮಗನೇ. ಸುಮ್ಮನಾದ. ಈ ಮೂಢರ ತಲೆಗೆ ನಾನೇನು ಹೇಳಲಿ? ಅವತ್ತು ಹತ್ತು ನಿಮಿಷ ಕೆತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಡಿ ಸಂತೆಗೆ ಹೋಯಿತು. ಊರಾಚೆಯ ದೂಳಿನ ಬಯಲಿನಲ್ಲಿ ನೂರಾರು ಹಳೆಯ ಗಾಡಿಗಳು ಬಾನೆಟ್ ತೆರೆದು ನಿಂತಿದ್ದವು. ಮೊದಲು ಬಂದವನು ಬಾಗಿಲು ತಟ್ಟಿ ನೋಡಿದ, ಮೇಣ ತುಂಬಿ ಬಣ್ಣ ಹೊಡೆದ ತೂತಿನ ಮೇಲೆ ಹೆಬ್ಬೆರಳು ಇಟ್ಟ.

"ಇದೇನಣ್ಣಾ, ಕಲ್ಲ ಬಡೀತೇನು?"

"ಗುಂಡು," ಎಂದ ದರ್ದೀರ್.

"ಯಾರಿಗಿ ಹೊಡೆದದ್ದು?"

"ನನಗ."

ಆತ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ನಡೆದುಬಿಟ್ಟ. ಎರಡನೆಯವನಿಗೆ ಗಾಡಿ ಹಿಡಿಸಿತ್ತು, ಬೆಲೆಯೂ ಒಪ್ಪಿಗೆಯಾಗಿತ್ತು. ಕೈಕೈ ಸೇರುವ ಹೊತ್ತಿಗೆ ದರ್ದೀರ್, "ಸರ್ಹಾನಿಯಾ ರಸ್ತ್ಯಾಗ ಇದನ್ನ ಓಡಿಸಬ್ಯಾಡ ತಮ್ಮಾ. ದೂರಿಂದ ಗಾಡಿ ಅಷ್ಟ ಕಾಣ್ತೈತಿ, ಒಳಗ ಯಾರ್ ಕುಂತಾರಂತ ಕಾಣಂಗಿಲ್ಲ," ಎಂದ. ಆ ಕೈ ಗಾಳಿಯಲ್ಲೇ ಹಿಂದಕ್ಕೆ ಹೋಯಿತು. ಮೂರನೆಯವನು ಪೂರ್ತಿ ಕೇಳಿ, ಟೈರು ಮಾತ್ರ ಕೊಡುತ್ತೀಯಾ ಎಂದ.

ಸಂತೆಯ ದಲ್ಲಾಳಿಗೆ ಪಿತ್ತ ನೆತ್ತಿಗೇರಿತು. ಎರಡು ವ್ಯಾಪಾರ ಕೂಡಿಸಿ ತಂದವನು ಅವನೇ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನಿನ್ನ ಸತ್ಯ ತಗೊಂಡ್ ಮಸೀದಿಗೆ ಹೋಗೋ ನನ್ನಪ್ಪಾ, ಸಂತಿಗೆ ಯಾಕ್ ಬಂದಿ?" ಎಂದವನೇ ದರ್ದೀರನ ಮೂಗಿಗೆ ಗುದ್ದಿದ. ಮೂಳೆ ಮುರಿದ ಸದ್ದು ಪಕ್ಕದ ಗಾಡಿಯವನಿಗೂ ಕೇಳಿಸಿತು. ಬಿಶಾರಾ ಸ್ಪ್ಯಾನರ್ ಎತ್ತಿ ದಲ್ಲಾಳಿಯ ಮಂಡಿಗೆ ಕೊಟ್ಟ. ಮತ್ತೆ ಯಾರು ಯಾರಿಗೆ ಹೊಡೆದರೆಂದು ಕೇಳಬೇಡಿ; ಕಿನಾ ಸಂತೆಯಲ್ಲಿ ಹೊಡೆದಾಟಕ್ಕೆ ಕಾರಣ ಕೇಳಿಕೊಂಡು ಯಾರೂ ಇಳಿಯುವುದಿಲ್ಲ. ಕೋಲು ಬಂದವು, ಬೆಲ್ಟು ಬಂದವು, ಒಬ್ಬನ ಎರಡು ಹಲ್ಲು ದೂಳಿಗೆ ಬಿದ್ದವು.

ನೆಲದಿಂದ ಎದ್ದು ಮೂಗು ಒತ್ತಿಹಿಡಿದ ದರ್ದೀರನಿಗೆ ಗಲಾಟೆಯಾಚೆ ಒಬ್ಬ ನಿಂತಿರುವುದು ಕಂಡಿತು. ಖಲಫ್. ಕಬ್ಬಿನ ಜಲ್ಲೆ ಸಿಗಿದು ತಿನ್ನುತ್ತ ಪೆಜೋದ ಬಾನೆಟ್ಟನ್ನೇ ನೋಡುತ್ತಿದ್ದ. ದರ್ದೀರನ ಕಣ್ಣು ಸಿಕ್ಕಾಗ ಸಿಪ್ಪೆ ಉಗಿದು, ನಿಧಾನವಾಗಿ ಮೂರು ಬೆರಳು ಎತ್ತಿ ತೋರಿಸಿದ.

ಮರುದಿನವೇ ಅವನು ಹಾಜಿ ಮುತವಲ್ಲಿಯ ಶೋರೂಮಿಗೆ ಹೋದ.

ಹಾಜಿ ತಸ್ಬಿಯ ಜಪಮಣಿ ಎಣಿಸುತ್ತ, "ಬಾ ನನ್ನ ಕಣ್ಣಿನ ಬೆಳಕ, ಕುಂದ್ರು," ಎಂದ. ಎಲ್ಲರೂ ಅವನ ಕಣ್ಣಿನ ಬೆಳಕೇ. ದರ್ದೀರ್ ಗುಂಡಿನ ಮಾತು ತೆಗೆಯುತ್ತಿದ್ದಂತೆ ಹಾಜಿ ಅಂಗೈ ಅಡ್ಡ ಹಿಡಿದ. "ನಾ ಕೇಳಿಲ್ಲ, ನೀ ಹೇಳಬ್ಯಾಡ. ಕಿವಿಗೆ ಬೀಳದ ಮಾತಿಗೆ ಪಾಪ ಇಲ್ಲ."

"ಕೇಳ್ರಿ ಹಾಜೀ, ನೀವು ಕೇಳಾಕ ಬೇಕು. ಆ ಕೈಗುರ್ತು ಕೆತ್ತಿಸಿ ಬಣ್ಣ ಹೊಡಸ್ರಿ. ಗಾಡಿ ಈ ಸೀಮ್ಯಾಗ ಮಾರಬ್ಯಾಡ್ರಿ."

"ಅಸ್ವಾನಿಗೆ ಕಳಿಸ್ತೀನಿ, ಆತಲ್ಲ? ಕಾಗದ ಈಗ ನಿನ್ನ ಹೆಸರಿಲೇ ಇರ್ಲಿ. ಕೊಳ್ಳಾಂವ ಬಂದಾಗ ಫೋನ್ ಮಾಡ್ತೀನಿ, ಬಂದು ಸಹಿ ಹಾಕಿ ಹೋಗು."

ಎಲ್ಲ ವ್ಯಾಪಾರಿಗಳ ಪದ್ಧತಿಯೂ ಅದೇ. ನಡುವಿನವನು ತನ್ನ ಹೆಸರಿಗೆ ಬರೆಸಿಕೊಂಡು ಎರಡು ಸಲ ಶುಲ್ಕ ಕಟ್ಟುವ ದಡ್ಡನಲ್ಲ. ದರ್ದೀರ್ ಕೆಮ್ಮುವ ವ್ಯಾನು ಹತ್ತಿ ಮನೆಗೆ ಬಂದ. ಹೇಳಬೇಕಾದವನಿಗೆ ಹೇಳಿದ್ದೇನೆ, ಇನ್ನು ಪಾಪ ಹಾಜಿಯ ಕೊರಳಿಗೆ ಎಂದುಕೊಂಡ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು.

ಹನ್ನೊಂದು ದಿನವಾದ ಮೇಲೆ ಕರೆ ಬಂತು. ಅಷ್ಟರಲ್ಲಿ ಮನೆಯ ಸಾಮಾನೆಲ್ಲ ವ್ಯಾನಿಗೆ ಏರಿತ್ತು. ನವ್ವಾರಾ ದಾರಿಗೆಂದು ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿ ಕಟ್ಟಿದಳು. ಸಹಿ ಹಾಕಿ ಹಾಗೆಯೇ ಉತ್ತರಕ್ಕೆ ಹೊರಡುವುದೆಂದು, ಹೆಂಡತಿ ಮಕ್ಕಳನ್ನು ವ್ಯಾನಿನಲ್ಲೇ ಕೂರಿಸಿ ದರ್ದೀರ್ ನೋಂದಣಿ ಕಚೇರಿಯೊಳಗೆ ಹೋದ.

ಕೊಳ್ಳುವವನು ಮೇಜಿನ ಮುಂದೆ ನಿಂತಿದ್ದ. ರಿಫಾಯಿ ಎಂದು ಹೆಸರು, ನದಿಯ ಪಶ್ಚಿಮ ದಂಡೆಯವನು, ಇಪ್ಪತ್ತೆಂಟು ಇರಬೇಕು. ಮೊದಲ ಮಗು ಹುಟ್ಟಿ ತಿಂಗಳಾಗಿತ್ತು. ಹೆಂಡತಿಯ ಬಳೆ ಮಾರಿ ಬಂದಿದ್ದ. ದರ್ದೀರನ ಬಲಗೈ ಕಂಡದ್ದೇ ಅವನ ಮುಖ ಅರಳಿತು. ಆ ಮೂರು ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದ ಅಲ್ಲೇನ್ರಿ ಕಾಕಾ ಆ ಕೈ? ಹತ್ತೊಂಬತ್ತ ವರ್ಷ ಒಂದ್ ಅಪಘಾತ ಇಲ್ಲಂತ. ಹಾಜಿ ಕೆತ್ತಸ್ತೀನಿ ಅಂದ್ರು, ನಾ ಬ್ಯಾಡ ಅಂದ್ನಿ. ಆ ಗುರ್ತಿಗಂತನ ಎರಡ್ ಸಾವಿರ ಹೆಚ್ಚಿಗಿ ಕೊಟ್ಟೀನಿ. ನನಗೂ ಅದರ ಬರ್ಕತ್ತು ಇರ್ಲಿ."

ದರ್ದೀರ್ ಕೇಳಿದ: "ಎಲ್ಲಿ ಓಡಸ್ತಿ?"

"ನಿಲ್ದಾಣದಾಗಿನ ನಿಮ್ಮ ಸರದಿನೂ ಗಾಡಿ ಜೋಡಿ ಬಂತಲ್ರಿ. ಸರ್ಹಾನಿಯಾ ರಸ್ತಾ. ಇವತ್ತ ಮಧ್ಯಾಹ್ನದ ಜುಹರ್ ನಮಾಜ್ ಮುಗಿಸಿ ಮೊದಲನೇ ಟ್ರಿಪ್."

ದರ್ದೀರ್ ಹಾಜಿಯ ಕಡೆ ನೋಡಿದ. ಹಾಜಿ ತಸ್ಬಿಯ ಮಣಿ ನೋಡುತ್ತಿದ್ದ. ಗುಮಾಸ್ತ ಪೆನ್ನು ತಟ್ಟಿ, "ಸಹಿ ಹಾಕ್ರಿ, ಹಿಂದ ಮಂದಿ ನಿಂತಾರ," ಎಂದ. ಹೇಳಿದರೆ ವ್ಯಾಪಾರ ಮುರಿಯುತ್ತದೆ, ವ್ಯಾನು ಹಿಂದಕ್ಕೆ ಹೋಗುತ್ತದೆ, ಹೊರಗೆ ಅದರಲ್ಲಿ ಕೂತ ಹೆಂಡತಿ ಮಕ್ಕಳು ಮತ್ತೆ ಸರ್ಹಾನಿಯಾಕ್ಕೆ ಹೋಗಬೇಕು. ಖಲಫ್ ಎತ್ತಿದ ಮೂರು ಬೆರಳು ಕಣ್ಣಿಗೆ ಬಂತು. ಸಂತೆಯಲ್ಲಿ ಮುಖ ಕಂಡವರಿಗೆಲ್ಲ ಕರೆಕರೆದು ಸತ್ಯ ಹೇಳಿ ಮೂಗು ಮುರಿಸಿಕೊಂಡ ಮನುಷ್ಯ, ಅಲ್ಲಿ, ಒಂದು ಮಾತು ಆಡದೆ ಸಹಿ ಹಾಕಿದ.

ವ್ಯಾನು ಉತ್ತರಕ್ಕೆ ಹೊರಟಿತು. ಒಂದು ಗಂಟೆ ಓಡಿತು. ನವ್ವಾರಾ ಸುಲಿದುಕೊಟ್ಟ ಕಿತ್ತಳೆ ದರ್ದೀರನ ಕೈಯಲ್ಲೇ ಹಿಂಡಿಹೋಗಿ ರಸ ಮಂಡಿಗೆ ಇಳಿಯಿತು. ಪೊಲೀಸ್ ತಪಾಸಣೆಯ ಗೇಟಿನ ಹತ್ತಿರ ಒಂದು ಚಹಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ಇಳೀರಿ. ನಾ ಬರೂತನಕ ಇಲ್ಲೇ ಕುಂದರ್ರಿ," ಎಂದ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ.

ನವ್ವಾರಾ ಅವನ ಅಂಗಿ ಹಿಡಿದು ಜಗ್ಗಿದಳು. "ನೀ ಹೋದ್ರ ಸಾಯ್ತಿ."

"ಹೋಗದಿದ್ರ ಅವ ಸಾಯ್ತಾನ."

"ಅವ ನಮಗ ಯಾರು? ಅವ ಏನ್ ನಿನ್ನ ತಮ್ಮನೇನು, ಅಳಿಯನೇನು?"

"ನನ್ನ ಗಾಡಿ ತಗೊಂಡಾವ," ಎಂದು ಅಂಗಿ ಬಿಡಿಸಿಕೊಂಡ. ಅಂಗಿ ಭುಜದಿಂದ ಹರಿಯಿತು.

ಆ ಕೆಮ್ಮುವ ವ್ಯಾನನ್ನು ಅವನು ಹೇಗೆ ಓಡಿಸಿದನೋ ದೇವರೇ ಬಲ್ಲ. ಒಂದು ಕತ್ತೆಗಾಡಿಗೆ ಗುದ್ದಿದ, ನಿಲ್ಲಲಿಲ್ಲ. ನಿಲ್ದಾಣಕ್ಕೆ ಬಂದರೆ ಪೆಜೋ ಹೊರಟು ಹತ್ತು ನಿಮಿಷವಾಗಿತ್ತು. ಕಬ್ಬಿನ ರಸ್ತೆ ಹಿಡಿದ. ಅರ್ಧ ದಾರಿಯಲ್ಲಿ ಕಬ್ಬಿನ ರೈಲು ರಸ್ತೆಗೆ ಅಡ್ಡ ನಿಂತಿತ್ತು, ಅವನ ಬೆರಳು ತಿಂದ ಅದೇ ಹಾಳು ರೈಲು. ಅದರ ಮುಂದೆ ಪೆಜೋ, ಪೆಜೋದ ಹಿಂದೆ ಎರಡು ಬಂಡಿ. ದರ್ದೀರ್ ವ್ಯಾನು ಬಿಟ್ಟು ಇಳಿಯುವುದಕ್ಕೂ, ಪಕ್ಕದ ಕಬ್ಬಿನಿಂದ ಮುಖಕ್ಕೆ ಬಟ್ಟೆ ಕಟ್ಟಿದ ಮೂವರು ಹೊರಬರುವುದಕ್ಕೂ ಸರಿಹೋಯಿತು. ಎರಡು ವಾರ ಕಾಣದ ಗಾಡಿ ಮತ್ತೆ ದಾರಿಗೆ ಬಂದಿತ್ತು. ಗಿರಾಕಿ ಸಿಗದೆ ದರ್ದೀರನೇ ಮತ್ತೆ ಸ್ಟಿಯರಿಂಗ್ ಹಿಡಿದಿದ್ದಾನೆ ಎಂದುಕೊಂಡಿದ್ದರು.

ಮೊದಲ ಸುತ್ತು ಬಾನೆಟ್ಟಿಗೆ ಬಿತ್ತು. ರೇಡಿಯೇಟರ್ ಒಡೆದು ಬಿಸಿ ನೀರು ಬುಸ್ಸೆಂದಿತು. ಮುಂದಿನ ಗಾಜು ಒಡೆದು ರಿಫಾಯಿಯ ಕೆನ್ನೆ ಕಿವಿಯತನಕ ಸೀಳಿತು. ಒಳಗೆ ಹೆಂಗಸರು ಚೀರುತ್ತಿದ್ದರು, ಒಬ್ಬಾತ ಬಾಗಿಲಿನಿಂದ ಉರುಳಿ ಗಾಡಿಯ ಅಡಿಗೆ ತೂರಿಕೊಂಡ. ರಿಫಾಯಿ ಸ್ಟಿಯರಿಂಗಿನ ಕೆಳಗೆ ಮುದುಡಿ ಅವ್ವಾ ಅವ್ವಾ ಅನ್ನುತ್ತಿದ್ದ. ಬಂದೂಕಿನವನು ಅವನ ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ಬಂದ.

ದರ್ದೀರ್ ಬಂಡಿಗಳ ನಡುವಿನಿಂದ ಓಡಿಬಂದು ಪೆಜೋದ ಮುಂದೆ ನಿಂತ. ಬಲಗೈ ಮೇಲೆ ಎತ್ತಿದ್ದ, ಎಲ್ಲರಿಗೂ ಕಾಣುವ ಹಾಗೆ ಬೆರಳು ಅಗಲಿಸಿದ್ದ.

"ಖಲಫಾ, ಕೈ ಇಲ್ಲೈತಿ ನೋಡೋ. ಅವ ನಾ ಅಲ್ಲ. ಕೈ ಇಲ್ಲೈತಿ."

ಓಡುವಾಗ ಅವನ ಬಿಳಿ ಮುಂಡಾಸು ಬಿಚ್ಚಿ, ಉದ್ದಕ್ಕೆ ಜಾರಿ, ಎಡತೋಳಿನ ಮೇಲೆ ಜೋತುಬಿದ್ದಿತ್ತು. ಅದು ಅವನಿಗೆ ಗೊತ್ತೂ ಇರಲಿಲ್ಲ. ಖಲಫ್ ಗುಂಡು ಹಾರಿಸಿದ. ಎತ್ತಿದ ಅಂಗೈ ಅಲ್ಲೇ ಸಿಡಿಯಿತು. ಎಲುಬು, ಚರ್ಮ, ರಕ್ತ ಎಲ್ಲ ಬಾನೆಟ್ಟಿನ ಮೇಲೆ ಎರಚಿತು. ದರ್ದೀರ್ ಬೀಳಲಿಲ್ಲ. ಬೆರಳಿಲ್ಲದ ಆ ತುಂಡನ್ನೇ ಎತ್ತಿಹಿಡಿದು ನಿಂತ. ಖಲಫ್ ಎದೆಗೆ ಗುರಿ ಇಟ್ಟ. ಆಗ ಜೊತೆಯಲ್ಲಿದ್ದವನು, ಅವನ ಸೋದರಮಾವ, ನಳಿಗೆ ಕೈ ಹಾಕಿ ನೆಲಕ್ಕೆ ಒತ್ತಿದ.

"ನಿಲ್ಲೋ ಹಡಬಿಟ್ಟಾವ್ನ. ತೋಳಿನ ಮ್ಯಾಲ ನೋಡು. ಕಫನ ತಂದಾನ."

ಖಲಫನ ಕಣ್ಣು ಆ ಬಿಳಿ ಬಟ್ಟೆಯ ಮೇಲೆ ನಿಂತಿತು. ಗಾಡಿಯ ಜನ, ಬಂಡಿಯ ಜನ, ರೈಲಿನ ಚಾಲಕ, ಎಲ್ಲರೂ ನೋಡುತ್ತಿದ್ದರು. ಹುಟ್ಟುಕುರುಡರ ಸೀಮೆಯಲ್ಲಿ ಅವತ್ತು ಎಲ್ಲರಿಗೂ ಕಣ್ಣು ಬಂದಿತ್ತು. ಮೂವರೂ ಕಬ್ಬಿನೊಳಗೆ ಮಾಯವಾದರು. ರಿಫಾಯಿ, ಕೆನ್ನೆಯಿಂದ ರಕ್ತ ಸುರಿಯುತ್ತಿರುವಾಗಲೇ, ದರ್ದೀರನನ್ನು ಹೊತ್ತು ವ್ಯಾನಿಗೆ ಹಾಕಿ ಆಸ್ಪತ್ರೆಗೆ ಓಡಿಸಿದ. ಕೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು.

ಪಂಚಾಯಿತಿ ಕೂತಿತು. ಕಫನ್ ಹೊತ್ತು ತಾನೇ ಬಂದವನ ಮೇಲೆ ಗುಂಡು ಹಾರಿಸಿದ್ದಕ್ಕೆ ಜಾದ್ ಮಂದಿ ತಲೆ ತಗ್ಗಿಸಿ ಕೂತರು. ಶಿಹಾತಾನ ತಾಯಿ ಬಂದು, "ನನ್ನ ಮಗನ ಲೆಕ್ಕ ಮುಗೀತು," ಎಂದು ಎಲ್ಲರ ಮುಂದೆ ಹೇಳಿ ಹೋದಳು. ಹಗೆ ಮುಗಿಯಿತು. ಅದು ಕಫನ್ ಅಲ್ಲ, ಬಿಚ್ಚಿಹೋದ ಮುಂಡಾಸು ಎಂದು ದರ್ದೀರ್ ಯಾರಿಗೂ ಹೇಳಲಿಲ್ಲ. ಹೇಳಿದರೆ ಎಷ್ಟು ಹೆಣ ಬೀಳುತ್ತವೆಂದು ಅವನಿಗೆ ಗೊತ್ತಿತ್ತು. ನವ್ವಾರಾಳಿಗೆ ಗೊತ್ತು, ಬಿಶಾರಾನಿಗೆ ಗೊತ್ತು. ನನಗೆ ಹೇಗೆ ಗೊತ್ತಾಯಿತೆಂದು ಕೇಳಬೇಡಿ.

ಒಂದೇ ಕೈಯಲ್ಲಿ ಬಾಡಿಗೆ ಗಾಡಿ ಓಡಿಸಲು ಬಿಡುವುದಿಲ್ಲ. ವ್ಯಾನು ಮಾರಿ, ಸುವೇಜಿನ ಮಾತು ಬಿಟ್ಟು, ಅವನು ಸರ್ಹಾನಿಯಾದ ನಿಲ್ದಾಣದಲ್ಲೇ ಚಹಾ ಅಂಗಡಿ ಹಾಕಿದ. ರಿಫಾಯಿ ಪೆಜೋ ರಿಪೇರಿ ಮಾಡಿಸಿ ಅದೇ ರಸ್ತೆಯಲ್ಲಿ ಓಡಿಸಿದ. ಬಾನೆಟ್ಟಿನ ಮೇಲೆ ಮೂರು ಬೆರಳು ಹಾಗೆಯೇ ಇದ್ದವು. ಪ್ರತಿ ಟ್ರಿಪ್ಪಿಗೆ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದ. ಕಾಕಾ ಹೋಗಿ ಅಪ್ಪಾ ಆಗಿತ್ತು. ಬಂದು ಭುಜಕ್ಕೆ ಮುತ್ತಿಟ್ಟು, ಪ್ರಯಾಣಿಕರಿಗೆಲ್ಲ ಹೇಳುತ್ತಿದ್ದ: "ಇವ್ರು ಯಾರಂತ ತಿಳದೀರಿ? ನನಗಾಗಿ ಕೈ ಕೊಟ್ಟಾವ್ರು." ಪ್ರಯಾಣಿಕರು ಮಾಷಾ ಅಲ್ಲಾ ಎನ್ನುತ್ತಿದ್ದರು. ದರ್ದೀರ್ ಒಲೆಯ ಕಡೆ ತಿರುಗಿ ಉರಿಯಿಲ್ಲದಿದ್ದರೂ ಊದುತ್ತಿದ್ದ. ಆ ಮಾತು ಪ್ರತಿ ಸಲವೂ ಚೂರಿಯ ಹಾಗೆ ತಾಗುತ್ತಿತ್ತು.

ಎರಡನೆಯ ಬಕ್ರೀದಿನ ಬೆಳಿಗ್ಗೆ ರಿಫಾಯಿ ಟಗರು ಕೊಯ್ದು, ಬಟ್ಟಲಿನಲ್ಲಿ ಬಿಸಿ ರಕ್ತ ಹಿಡಿದುಕೊಂಡು ಅಂಗಡಿಗೆ ಬಂದ. ಕೆನ್ನೆಯ ಗಾಯ ಒಣಗಿ ಗೆರೆಯಾಗಿತ್ತು. "ಅಪ್ಪಾ, ಎಡಗೈಲಿಂದ ಒತ್ತಿ ಕೊಡು. ಆ ಹಳೇ ಗುರ್ತಿನ ಬಾಜು."

ದರ್ದೀರ್ ಬಟ್ಟಲನ್ನು ತೆಗೆದುಕೊಂಡು ಪಕ್ಕಕ್ಕೆ ಇಟ್ಟ. ಆಮೇಲೆ ಹೇಳಿದ: "ಕುಂದ್ರು. ಗಾಡಿ ಮಾರುವಾಗ ಒಂದ್ ಮಾತ್ ಹೇಳಿರ್ಲಿಲ್ಲ ನಿನಗ."

"ಏನ್, ಗೇರ್ ಬಾಕ್ಸಿಂದೇನು? ಅದ್ ನನಗ ಗೊತ್ತಾಗೈತಿ ಬಿಡು."

"ಆ ಮೇಜಿನ ಮುಂ‌ದ ನಿಂತಾಗ ನನಗ ಗೊತ್ತಿತ್ತು. ಅವ್ರು ಹೊಡೀತಾರಂತ ಗೊತ್ತಿತ್ತು. ಅವತ್ತ ಹೊಡೀತಾರಂತನೂ ಗೊತ್ತಿತ್ತು. ನೀ ನನ್ನ ಕೈ ಹಿಡ್ಕೊಂಡು ನಿಂತಿದ್ದಿ. ನಾ ಸಹಿ ಹಾಕ್ದೆ."

"ಆದ್ರ ನೀ ಬಂದ್ಯಲ್ಲ."

"ಬಂದ್ನಿ. ಮೊದ್ಲ ಹೋಗಿದ್ದೆ. ಒಂದ್ ತಾಸ್ ನೀ ಸತ್ರ ಸಾಯಿ ಅಂತ ಬಿಟ್ಟಿದ್ದೆ."

ರಿಫಾಯಿ ಬಹಳ ಹೊತ್ತು ಕೆನ್ನೆಯ ಗೆರೆಯ ಮೇಲೆ ಬೆರಳಾಡಿಸುತ್ತ ಕೂತ. ಬಟ್ಟಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೊನೆಗೆ ಎದ್ದು, ಬಟ್ಟಲನ್ನು ಚರಂಡಿಗೆ ಸುರಿದು, ಗಾಡಿ ಹತ್ತಿದ.

"ಯಾಕ್ ಹೇಳಿದ್ಯೋ ಮಹ್ರೂಸನ ಅಪ್ಪಾ?" ಎಂದು ನವ್ವಾರಾ ಆ ಸಂಜೆ ಹಣೆ ಬಡಿದುಕೊಂಡಳು. "ನಿನ್ನನ್ನ ಅಪ್ಪ ಅಂತಿದ್ದ."

"ಅದಕ್ಕ ಹೇಳಿದ್ನಿ," ಎಂದ.

ಮರುದಿನ ಮೊದಲ ಟ್ರಿಪ್ಪಿಗೆ ಪೆಜೋ ಬಂತು. ಬಾನೆಟ್ಟಿನ ಮೇಲೆ ಕೈ ಇರಲಿಲ್ಲ. ಯಾರೋ ರಾತ್ರಿಯಿಡೀ ಕೂತು ತಗಡು ಕಾಣುವವರೆಗೆ ಕೆತ್ತಿದ್ದರು. ದರ್ದೀರ್ ಎಡಗೈಯಲ್ಲಿ ಚಹಾದ ಲೋಟ ಹಿಡಿದು, ದಿನವೂ ನಿಲ್ಲುವ ಜಾಗಕ್ಕೆ ಬಂದು ನಿಂತ. ರಿಫಾಯಿ ಮುಂದೆ ನೋಡುತ್ತಲೇ ಗೇರ್ ಬದಲಿಸಿದ, ಗಾಡಿ ನಿಲ್ಲಲಿಲ್ಲ.